ಮೈಕೈ ನೋವಿನ ಹಿಂದಿನ ಎರಡು ಪ್ರಶ್ನೆ

ಅಕ್ಟೋಬರ್ 10 ಬಂತೆಂದರೆ ವಿಶ್ವ ಮಾನಸಿಕ ಆರೋಗ್ಯ ದಿನದ ಜಾಥಾ. ಶಾಲೆ ಮಕ್ಕಳ ಕೈಯಲ್ಲಿ ಫಲಕ, ಮುಂದೆ ಬ್ಯಾನರ್, ಕೊನೆಗೊಂದು ಸಭೆ. ಸಭೆಯಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ನಮ್ಮ ಹಳ್ಳಿಗಳಲ್ಲಿ ಅರಿವಿಲ್ಲ, ಮನಸ್ಸಿನ ಕಾಯಿಲೆ ಎಂದರೆ ನಾಚಿಕೆ, ಮಾಟ ಮಂತ್ರ ಎಂದು ಅಲೆಯುತ್ತಾರೆಯೇ ಹೊರತು ಆಸ್ಪತ್ರೆಗೆ ಬರುವುದಿಲ್ಲ. ಚಾಮರಾಜನಗರದಂಥ ಜಿಲ್ಲೆಯ ಬಗ್ಗೆ ಹೇಳುವಾಗ ಈ ಮಾತಿಗೆ ಇನ್ನಷ್ಟು ದನಿ ಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಖಿನ್ನತೆಯ ಮಟ್ಟಿಗೆ ಈ ಮಾತು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಖಿನ್ನತೆಗೊಳಗಾದ ಬಹಳ ಜನ ಆಸ್ಪತ್ರೆಗೆ ಬರುತ್ತಿದ್ದಾರೆ, ಮತ್ತೆ ಮತ್ತೆ ಬರುತ್ತಿದ್ದಾರೆ. ಬಂದು, ಸೂಜಿ ಹಾಕಿಸಿಕೊಂಡು, ಚೀಟಿ ಹಿಡಿದು ವಾಪಸ್ ಹೋಗುತ್ತಿದ್ದಾರೆ. ಅವರು ಬಂದದ್ದು ನಮ್ಮ ಲೆಕ್ಕಕ್ಕೆ ಸಿಕ್ಕಿಲ್ಲ, ಅಷ್ಟೆ.

ಗುಂಡ್ಲುಪೇಟೆ ಸೀಮೆಯ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಳಗಿನ ಸಾಲನ್ನು ನೆನೆಸಿಕೊಳ್ಳಿ. ಸುಮಾರು ನಲವತ್ತೈದರ ಹೆಂಗಸು. ತೋಳಿಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿ, ರಕ್ತಪರೀಕ್ಷೆಯ ವರದಿ, ಮೈಸೂರಿನಲ್ಲಿ ಮಾಡಿಸಿದ ಹೊಟ್ಟೆ ಸ್ಕ್ಯಾನ್. "ಮೈಯೆಲ್ಲಾ ನೋವು ಕನ ಸಾ. ತಲ ತಿರುಗ್ತದ. ಅನ್ನ ಸೇರಲ್ಲ, ನಿದ್ದ ಬರಲ್ಲ." ಡಾಕ್ಟರ ಮುಂದೆ ಇನ್ನೂ ಎಂಬತ್ತು ಜನ ಕಾದಿದ್ದಾರೆ. ಬಿ.ಪಿ. ನೋಡುತ್ತಾರೆ, ಕಣ್ಣಿನ ರೆಪ್ಪೆ ಕೆಳಗೆಳೆದು ರಕ್ತಹೀನತೆ ನೋಡುತ್ತಾರೆ, ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಬಿ-ಕಾಂಪ್ಲೆಕ್ಸ್ ಬರೆಯುತ್ತಾರೆ. ಎರಡು ನಿಮಿಷ. ಹದಿನೈದು ದಿನಕ್ಕೆ ಆಕೆ ಮತ್ತೆ ಅದೇ ಸಾಲಿನಲ್ಲಿ. ಇಲ್ಲಿ ಗುಣ ಕಾಣದಿದ್ದರೆ ಪೇಟೆಯ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್. ಅಲ್ಲೂ ಆಗದಿದ್ದರೆ ಇನ್ನೊಂದು ಸ್ಕ್ಯಾನ್. ಎಲ್ಲ ವರದಿಯಲ್ಲೂ 'ನಾರ್ಮಲ್'. ಆ ಪದ ಆಕೆಗೆ ಸಮಾಧಾನ ತರಬೇಕಿತ್ತು. ಮನೆಯಲ್ಲಿ ಅದೇ ಆಕೆಯ ಮೇಲಿನ ಆರೋಪವಾಗುತ್ತದೆ. "ಏನೂ ಇಲ್ಲ ಅಂತ ಡಾಕ್ಟ್ರೇ ಹೇಳವ್ರ. ಕೆಲ್ಸ ಮಾಡಕ ಮೈಗಳ್ಳತನ."

ಈಕೆ ಸುಳ್ಳು ಹೇಳುತ್ತಿಲ್ಲ. ನೋವು ನಿಜವಾದದ್ದೇ. ನಿದ್ದೆ ಕೆಡುವುದು, ಹಸಿವು ಇಂಗುವುದು, ಮೈ ಭಾರವಾಗುವುದು, ಸುಸ್ತು ಇವೆಲ್ಲ ಖಿನ್ನತೆಯ ಜೊತೆಗೆ ಬಂದ ಬೇರೆ ಕಾಯಿಲೆಗಳಲ್ಲ, ಖಿನ್ನತೆಯ ಲಕ್ಷಣಗಳೇ. ವೈದ್ಯಶಾಸ್ತ್ರ ಗುರುತಿಸುವ ಒಂಬತ್ತು ಲಕ್ಷಣಗಳಲ್ಲಿ ಅರ್ಧದಷ್ಟು ಮೈಗೇ ಸಂಬಂಧಿಸಿದವು. ಉಳಿದವು ಒಳಗಿನವು: ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ತಾನು ಯಾತಕ್ಕೂ ಬಾರದವಳು ಎನ್ನಿಸುವುದು, ಮನಸ್ಸು ಒಂದೆಡೆ ನಿಲ್ಲದಿರುವುದು, ಸಾವಿನ ಯೋಚನೆ. ಐದು ಲಕ್ಷಣ, ಅವುಗಳಲ್ಲಿ ಬೇಸರವೋ ನಿರಾಸಕ್ತಿಯೋ ಒಂದಂತೂ ಇದ್ದು, ಕನಿಷ್ಠ ಎರಡು ವಾರ ದಿನದ ಬಹುಪಾಲು ಕಾಡಿ, ಬದುಕು ನಡೆಸುವುದನ್ನೇ ಕೆಡಿಸಿದರೆ ಅದು ಖಿನ್ನತೆ. ಮೈಯ ಲಕ್ಷಣಗಳನ್ನು ಹೊತ್ತು ಆಕೆ ಬಂದಳು. ಒಳಗಿನದನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಡಾಕ್ಟರ ಮುಂದೆ ಹೇಳಬೇಕಾದದ್ದು ಮೈಯ ಸಂಗತಿ ಎಂಬುದು ನಾವೇ ಜನರಿಗೆ ಕಲಿಸಿದ ಶಿಸ್ತು.

ಎಷ್ಟು ಜನ ಇಂಥವರು? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳನ್ನು ಒಳಗೊಂಡಿತ್ತು. ತಮಾಷೆಯೆಂದರೆ ಸಮೀಕ್ಷೆ ಮಾಡಿದ ಸಂಸ್ಥೆ ಬೆಂಗಳೂರಿನದು, ಆ ಹನ್ನೆರಡರಲ್ಲಿ ಕರ್ನಾಟಕ ಇಲ್ಲ. ಗುಂಡ್ಲುಪೇಟೆಯ ಎರಡು ಮಗ್ಗುಲಿನ ಕೇರಳ, ತಮಿಳುನಾಡು ಇವೆ. ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 2.7ರಷ್ಟು ಮಂದಿ ಆ ಹೊತ್ತಿಗೆ ಖಿನ್ನತೆಯಲ್ಲಿದ್ದರು. ಇಪ್ಪತ್ತರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಅದನ್ನು ಅನುಭವಿಸಿದ್ದರು. ನಲವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಪ್ರಮಾಣ ಹೆಚ್ಚು. ಮಹಾನಗರಗಳಲ್ಲಿ ಹಳ್ಳಿಗಿಂತ ಹೆಚ್ಚು ಎನ್ನುವುದನ್ನೂ ಮರೆಮಾಚಬಾರದು. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10.2 ಲಕ್ಷ. ಅದರಲ್ಲಿ ವಯಸ್ಕರು ಏಳು ಲಕ್ಷ ಎಂದಿಟ್ಟುಕೊಂಡು ಅದೇ ಪ್ರಮಾಣ ಹಚ್ಚಿದರೆ ಯಾವುದೇ ಒಂದು ದಿನ ಹದಿನೆಂಟು, ಹತ್ತೊಂಬತ್ತು ಸಾವಿರ ಜನ. ಇದು ಕೈಲೆಕ್ಕ, ಅಂದಾಜು. ಅರ್ಧಕ್ಕಿಳಿಸಿದರೂ ದೊಡ್ಡ ಸಂಖ್ಯೆಯೇ. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಅಂಶ: ಖಿನ್ನತೆಯಲ್ಲಿರುವ ನೂರರಲ್ಲಿ ಎಂಬತ್ತೈದು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಎಂಬತ್ತೈದು ಜನರೆಲ್ಲ ಮನೆಯಲ್ಲೇ ಮುಸುಕು ಹೊದ್ದು ಮಲಗಿದ್ದರು ಎಂದುಕೊಂಡರೆ ತಪ್ಪಾಗುತ್ತದೆ. ಅವರಲ್ಲಿ ಎಷ್ಟೋ ಮಂದಿ ಗ್ಯಾಸ್ ಮಾತ್ರೆ ನುಂಗುತ್ತಿದ್ದರು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ರೈತ ಸಾಲದಲ್ಲಿದ್ದಾನೆ, ಬೆಳೆಗೆ ಬೆಲೆಯಿಲ್ಲ, ಕಾಡಾನೆ ಕಾಟ. ಅವನ ದುಃಖಕ್ಕೆ ಕಾರಣ ಕಣ್ಣೆದುರೇ ಇರುವಾಗ ಅದಕ್ಕೊಂದು ಕಾಯಿಲೆಯ ಹೆಸರಿಟ್ಟು ಮಾತ್ರೆ ಕೊಟ್ಟರೆ ಅನ್ಯಾಯವನ್ನೇ ಮುಚ್ಚಿಹಾಕಿದಂತಲ್ಲವೇ? ಈ ಆಕ್ಷೇಪದಲ್ಲಿ ತಿರುಳಿದೆ. ಅರಿಸಿನದ ಬೆಲೆ 2010-11ರಲ್ಲಿ ಗಗನಕ್ಕೇರಿ, ಅದನ್ನು ನಂಬಿ ಎಲ್ಲರೂ ಗೆಡ್ಡೆ ಹಾಕಿದ ಮೇಲೆ ನೆಲಕ್ಕೆ ಬಿದ್ದದ್ದನ್ನು ಈ ಜಿಲ್ಲೆ ಕಂಡಿದೆ. ಸಾಂಬಾರ್ ಈರುಳ್ಳಿಯದೂ ಅದೇ ಕಥೆ, ಟೊಮೆಟೊದ್ದೂ ಅದೇ. ಓಣಂ ಹತ್ತಿರವಾದಾಗ ಕೇರಳದಿಂದ ಬಂದವರು ಹೆದ್ದಾರಿ ಬದಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಚೆಂಡುಹೂವಿನ ಹೊಲ ನೋಡಲು ಚೆಂದ; ಹೂವನ್ನು ಬಣ್ಣದ ಕಾರ್ಖಾನೆಗೆ ತೂಗಿ ಕೊಟ್ಟವನ ಕೈಗೆ ಎಷ್ಟು ಉಳಿಯಿತು ಎಂಬುದು ಫೋಟೊದಲ್ಲಿ ಬರುವುದಿಲ್ಲ.

ಆದರೆ 'ಸಾಲವೋ ಕಾಯಿಲೆಯೋ' ಎಂದು ಒಂದನ್ನು ಆರಿಸಿಕೊಳ್ಳಬೇಕಾದ ಪ್ರಶ್ನೆ ಇದಲ್ಲ. ಬಂಡೀಪುರದ ಅಂಚಿನ ಊರುಗಳನ್ನೇ ನೋಡಿ. ಫಸಲು ಕೈಗೆ ಬರುವ ತಿಂಗಳುಗಳಲ್ಲಿ ಗಂಡಸರು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ. ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಪಟಾಕಿ, ಕೆಳಗೆ ಕಾದ ಬೆಂಕಿ. ಆನೆ ಬಂದರೆ ಒಂದು ರಾತ್ರಿ, ಹಂದಿ ಬಂದರೆ ಪ್ರತಿ ರಾತ್ರಿ. ಸೋಲಾರ್ ಬೇಲಿ ಬಂತು, ಕಂದಕ ಬಂತು, ಕೆಲವೆಡೆ ರೈಲ್ವೆ ಕಂಬಿಯ ತಡೆಬೇಲಿ ಬಂತು. ಕಾವಲು ಮಾತ್ರ ನಿಂತಿಲ್ಲ. ತುಳಿದ ಬೆಳೆಗೆ ಅರಣ್ಯ ಇಲಾಖೆಯ ಪರಿಹಾರ ಉಂಟು, ಅರ್ಜಿ ಉಂಟು, ಮಹಜರು ಉಂಟು. ಕಳೆದುಹೋದ ನಿದ್ದೆಗೆ ಯಾವ ಕಲಂ ಇದೆ? ತಿಂಗಳುಗಟ್ಟಲೆ ನಿದ್ದೆಗೆಟ್ಟ ಮೈ ಖಿನ್ನತೆಗೆ ಬೇಗ ಬಾಗುತ್ತದೆ. ಖಿನ್ನತೆ ಬಂದ ಮೇಲೆ ಬೇಲಿ ಕಟ್ಟಿ ಮನೆಗೆ ಬಂದರೂ ನಿದ್ದೆ ಬರುವುದಿಲ್ಲ. ಎಚ್ಚರವಿರಲೆಂದು ಗುಟುಕು ಹಾಕಲು ಶುರುಮಾಡಿದವನಿಗೆ ಆಮೇಲೆ ಅದಿಲ್ಲದೆ ನಡೆಯುವುದಿಲ್ಲ, ಮದ್ಯವೂ ಮನಸ್ಸನ್ನು ಇನ್ನಷ್ಟು ಕೆಳಕ್ಕೆಳೆಯುತ್ತದೆ. ಕಾರಣ ಹೊರಗಿನದ್ದೇ ಆಗಿರಬಹುದು. ಒಮ್ಮೆ ಬೇರೂರಿದ ಮೇಲೆ ಕಾಯಿಲೆಗೆ ತನ್ನದೇ ನಡೆ ಇರುತ್ತದೆ. ಸಾಲಮನ್ನಾ ಆದ ದಿನವೂ ಅದು ಎದ್ದು ಹೋಗುವುದಿಲ್ಲ. ಹಾಗೆಯೇ ಮಾತ್ರೆಯೊಂದೇ ಬೆಲೆಕುಸಿತಕ್ಕೆ ಉತ್ತರವೂ ಅಲ್ಲ. ಆನೆ ತುಳಿದು ಕಾಲು ಮುರಿದವನಿಗೆ ಮೊದಲು ಬೇಲಿ ಕಟ್ಟೋಣ, ಆಮೇಲೆ ಮೂಳೆ ಕೂಡಿಸೋಣ ಎನ್ನುವವರು ಯಾರಿದ್ದಾರೆ?

ಆತ್ಮಹತ್ಯೆಯ ಸುದ್ದಿಗಳನ್ನು ನಾವು ಬರೆಯುವ ರೀತಿಯಲ್ಲೂ ಇದೇ ಕುರುಡು. 'ಜೀವನದಲ್ಲಿ ಜಿಗುಪ್ಸೆಗೊಂಡು', 'ಹೊಟ್ಟೆನೋವು ತಾಳಲಾರದೆ', 'ಸಾಲಬಾಧೆಯಿಂದ' ಎಂಬ ಅಚ್ಚುಗಳು ಪತ್ರಿಕೆಗಳಲ್ಲಿ ಸವೆದುಹೋಗಿವೆ. ಪರಿಹಾರದ ಕಡತಕ್ಕೆ ಬ್ಯಾಂಕಿನ ಕಾಗದ ಬೇಕು, ಪಹಣಿ ಬೇಕು. ಆ ಮನುಷ್ಯ ಹಿಂದಿನ ತಿಂಗಳು ನಿದ್ದೆ ಮಾಡಿದ್ದನೇ, ಆಸ್ಪತ್ರೆಗೆ ಹೋಗಿದ್ದನೇ, ಅಲ್ಲಿ ಅವನನ್ನು ಯಾರಾದರೂ ಮಾತಾಡಿಸಿದರೇ ಎಂಬುದು ಯಾವ ಕಡತಕ್ಕೂ ಬೇಕಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಮನೆಯವರಿಗೂ ಇದೆ, ಎಷ್ಟೋ ನರ್ಸುಗಳಿಗೂ ಇದೆ. ಹಾಗೇನೂ ಆಗುವುದಿಲ್ಲ, ಕೇಳಿಸಿಕೊಂಡವರಿಗೆ ಹೆಚ್ಚಿನ ಸಲ ಹಗುರವೇ ಆಗುತ್ತದೆ. ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಗೂ ಈಗ ಕಾರಣವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ.

ಇನ್ನು ಕೊಳ್ಳೇಗಾಲ. ಕರ್ನಾಟಕದಲ್ಲಿ ಆ ಊರಿನ ಹೆಸರೆತ್ತಿದರೆ ಸಾಕು, ಮಾಟ ಎನ್ನುತ್ತಾರೆ. ಜಿಲ್ಲಾಕೇಂದ್ರಕ್ಕೂ ಒಂದು ಶಾಪ ಅಂಟಿತ್ತು: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂದು. ಓದಿದವರೇ, ಕಾರಿನಲ್ಲಿ ಓಡಾಡುವವರೇ ವರ್ಷಗಟ್ಟಲೆ ಇದನ್ನು ನಂಬಿದರು. ಸಿದ್ದರಾಮಯ್ಯ ಮತ್ತೆ ಮತ್ತೆ ಬಂದುಹೋಗಿ 2013ರಿಂದ 2018ರವರೆಗೆ ಪೂರ್ತಿ ಅವಧಿ ಮುಗಿಸಿದರು. ಹಾಗಾಗಿ ಮೂಢನಂಬಿಕೆ ಎಂದರೆ ಹಳ್ಳಿಯ ಹೆಂಗಸರ ಸೊತ್ತು ಎಂಬಂತೆ ಜಾಥಾದಲ್ಲಿ ಮಾತಾಡುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಮಂತ್ರವಾದಿಯ ಬಳಿಗೆ ಹೋಗುವವರನ್ನು ಬೈಯುವ ಮುನ್ನ ಅಲ್ಲಿ ಅವರಿಗೆ ಏನು ಸಿಗುತ್ತದೆ ಎಂದು ನೋಡಬೇಕು. ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿದ್ದಾರೆ, ಯಾರ ಜೊತೆ ಮನಸ್ತಾಪ, ಹೊಲದ ತಗಾದೆ ಇದೆಯೇ ಎಂದು ಆತ ಅರ್ಧ ಗಂಟೆ ಕೇಳುತ್ತಾನೆ. 'ನಾರ್ಮಲ್' ಎಂದು ಹೇಳಿ ಕಳಿಸುವುದಿಲ್ಲ. ನಿನಗೆ ಏನೋ ಆಗಿದೆ ಎಂದು ಒಪ್ಪುತ್ತಾನೆ. ಅದು ನಿನ್ನ ತಪ್ಪಲ್ಲ ಎಂದೂ ಹೇಳುತ್ತಾನೆ. ಹಣ ಸುಲಿಯುತ್ತಾನೆ, ತಪ್ಪನ್ನು ನೆರೆಮನೆಯ ಅಮಾಯಕ ಹೆಂಗಸಿನ ತಲೆಗೆ ಕಟ್ಟುತ್ತಾನೆ, ಅದು ಅಪರಾಧ; ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯದ ಶಾಸನಸಭೆ 2017ರಲ್ಲಿ ಒಪ್ಪಿದ ಕಾನೂನು ಇರುವುದೂ ಅದಕ್ಕೇ. ಆದರೆ ಆ ಅರ್ಧ ಗಂಟೆಗೆ ಪ್ರತಿಯಾಗಿ ನಮ್ಮ ಆರೋಗ್ಯ ಕೇಂದ್ರ ಕೊಡುತ್ತಿರುವುದು ಎರಡು ನಿಮಿಷ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆದುಹೋಗುವವರ ವಿಷಯ ಬೇರೆಯೇ. ನಾಲ್ಕು ಜನರ ಜೊತೆ ನಡೆದು, ಉಘೇ ಎಂದು ಕೂಗಿ, ಪರುಸೆಯಲ್ಲಿ ಉಂಡು ಮಲಗಿದರೆ ಮನಸ್ಸಿಗೆ ಒಳ್ಳೆಯದೇ ಆಗುತ್ತದೆ. ಅದನ್ನು ಬಿಡಿಸಬೇಕಾಗಿಲ್ಲ. ಬೆಟ್ಟಕ್ಕೂ ಹೋಗಲಿ, ಮಾತ್ರೆಯನ್ನೂ ತೆಗೆದುಕೊಳ್ಳಲಿ.

ಆರೋಗ್ಯ ಕೇಂದ್ರದ ಮಟ್ಟದಲ್ಲೇ ಇದನ್ನು ನೋಡಬಹುದು ಎಂಬುದಕ್ಕೆ ಪುರಾವೆ ಹೊರಗಿನಿಂದ ತರಬೇಕಾಗಿಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡುವ ಪ್ರಯೋಗ ಮಾಡಿತು. 1985ರಿಂದ 1990ರವರೆಗೆ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ದೇಶ 1996ರಲ್ಲಿ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಈ ಬಳ್ಳಾರಿ ಮಾದರಿ. ಹಾಗಿದ್ದೂ ಖಿನ್ನತೆ ಯಾಕೆ ಹಿಂದೆ ಉಳಿಯಿತು? ಆಗಿನ ಆದ್ಯತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗಕ್ಕಿತ್ತು, ಅದು ಸಹಜವೂ ಹೌದು. ಬೀದಿಯಲ್ಲಿ ಕೂಗಾಡುವವನನ್ನು ಊರೇ ಹಿಡಿದು ಆಸ್ಪತ್ರೆಗೆ ತರುತ್ತದೆ. ಖಿನ್ನತೆಯಲ್ಲಿರುವವರು ಯಾರಿಗೂ ತೊಂದರೆ ಕೊಡುವುದಿಲ್ಲ. ಮುದ್ದೆ ತೊಳಸುತ್ತಾರೆ, ಹಸು ಕಟ್ಟುತ್ತಾರೆ, ಕೂಲಿಗೂ ಹೋಗುತ್ತಾರೆ. ಮಾತು ಕಡಿಮೆಯಾಗಿರುತ್ತದೆ, ಅಷ್ಟೆ. ತೊಂದರೆ ಕೊಡದ ಕಾಯಿಲೆಗೆ ಕಾರ್ಯಕ್ರಮ ರೂಪಿಸಲು ಸರ್ಕಾರಗಳಿಗೆ ಅವಸರವಿರುವುದಿಲ್ಲ.

ಆ ಮೇಲೆ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತವರ ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು. ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಕ್ಕೆ ಬಂದ ಖಿನ್ನರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಮಾತಿನ ವಿಷಯ ಗಹನವಾದ್ದೇನಲ್ಲ. ಬಿಟ್ಟುಹೋದ ಚಿಕ್ಕಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಚ್ಚಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಎದುರಿರುವ ತೊಡಕನ್ನು ಬಿಡಿಸಿ ನೋಡುವುದು. ಗುಣಮುಖರಾದವರ ಪ್ರಮಾಣ ಸಾಮಾನ್ಯ ಆರೈಕೆಗಿಂತ ಹೆಚ್ಚಿತ್ತೆಂದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ವೈದ್ಯರು ಅಜ್ಜಿಯರಿಗೆ ಇಂಥದೇ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಅಲ್ಲೂ ಫಲ ಕಂಡಿತು. ನಮ್ಮ ಸೀಮೆಯಲ್ಲಿ ಅಜ್ಜಿಯರಿಗೆ ಕೊರತೆಯಿಲ್ಲ. "ಎಲ್ಲಾರ ಮನೆ ದೋಸೆನೂ ತೂತೇ, ಸುಮ್ನಿರವ್ವ" ಎಂದು ಬಾಯಿ ಮುಚ್ಚಿಸುವ ಬದಲು ಕೇಳಿಸಿಕೊಳ್ಳುವ ತರಬೇತಿಯೊಂದು ಬೇಕು.

ಮಾತ್ರೆಯ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು, ಇಲ್ಲೇ ಹೆಚ್ಚಿನವರು ಎಡವುವುದು. ಸೌಮ್ಯ ಖಿನ್ನತೆಗೆ ಮಾತು, ನಡಿಗೆ, ನಿದ್ದೆಯ ಕ್ರಮವೇ ಸಾಕಾಗಬಹುದು. ಮಧ್ಯಮ, ತೀವ್ರ ಖಿನ್ನತೆಗೆ ಫ್ಲೂಆಕ್ಸೆಟೀನ್, ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆ ಕೆಲಸಕ್ಕೆ ಬರುತ್ತದೆ. ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ದುಬಾರಿಯಲ್ಲ. ಮೆದುಳಿನಲ್ಲಿ ಯಾವುದೋ ಒಂದು ರಾಸಾಯನಿಕ ಕಡಿಮೆಯಾದದ್ದೇ ಖಿನ್ನತೆ ಎಂಬ ಸರಳ ವಿವರಣೆಯನ್ನು ಇಂದು ತಜ್ಞರು ಹಾಗೆಯೇ ಒಪ್ಪುವುದಿಲ್ಲ. ವಂಶ, ಥೈರಾಯ್ಡ್‌ನಂಥ ದೇಹದ ಕಾರಣ, ಹೆರಿಗೆ, ಬಾಲ್ಯದ ಪೆಟ್ಟು, ನಷ್ಟ, ಒಂಟಿತನ ಎಲ್ಲವೂ ಹೆಣೆದುಕೊಂಡಿರುತ್ತವೆ. ವಿವರಣೆ ಪೂರ್ತಿಯಾಗಿಲ್ಲವೆಂದ ಮಾತ್ರಕ್ಕೆ ಔಷಧಿ ನಿಷ್ಫಲವೆಂದಲ್ಲ. ತೊಡಕು ಬೇರೆಡೆ ಇದೆ. ನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಇದು ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಮೊದಲ ವಾರ ಹೊಟ್ಟೆ ತೊಳಸು, ತಳಮಳವೇ ಕಾಣಬಹುದು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೇ ದಿನ ಮಾತ್ರೆ ತಿಪ್ಪೆಗೆ. ಗುಣವಾಯಿತೆಂದು ಎರಡನೇ ತಿಂಗಳಿಗೇ ಬಿಟ್ಟರೆ ಮರುಕಳಿಸುತ್ತದೆ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ಕ್ರಮೇಣ ಇಳಿಸಬೇಕು. 'ತಲೆ ಮಾತ್ರೆ' ಅಭ್ಯಾಸವಾಗಿಬಿಡುತ್ತದೆ ಎಂದು ಇದನ್ನು ಹೆದರಿ ಬಿಡುವವರೇ, ನಿಜವಾಗಿ ಚಟ ಹಿಡಿಸುವ ಆಲ್ಪ್ರಜೋಲಂ ನಿದ್ದೆ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದು ವರ್ಷಗಟ್ಟಲೆ ನುಂಗುವುದುಂಟು.

ಹಾಗಾದರೆ ಕೇಳುವವರು ಯಾರು? ಎಂಬತ್ತು ಜನರ ಸಾಲಿನ ಎದುರು ಕೂತ ಡಾಕ್ಟರನ್ನು ದೂರಿ ಫಲವಿಲ್ಲ. ಸ್ವಾರಸ್ಯವೆಂದರೆ ಕೇಳಬೇಕಾದ ಎರಡು ಪ್ರಶ್ನೆ ಈಗಾಗಲೇ ಅಚ್ಚಾಗಿ, ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇವೆ. ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆಗೆಂದು ಮನೆಮನೆಗೆ ಒಯ್ಯುವ ಸಿಬಿಎಸಿ ಫಾರಂನ ಕೊನೆಯ ಭಾಗ ನೋಡಿ: ಕಳೆದ ಎರಡು ವಾರದಲ್ಲಿ ಯಾವುದೇ ಕೆಲಸದಲ್ಲಿ ಆಸಕ್ತಿ, ಖುಷಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ದಾರಿಯೇ ಕಾಣದಂತಾಗಿದೆಯೇ? ಉತ್ತರಕ್ಕೆ ಅಂಕ ಹಾಕಿ, ಒಂದು ಮಿತಿ ದಾಟಿದರೆ ಮುಂದೆ ಕಳಿಸಬೇಕು. ಇದರಿಂದ ರೋಗ ನಿರ್ಧಾರವಾಗುವುದಿಲ್ಲ, ಸಂಶಯ ಹುಟ್ಟುತ್ತದೆ, ಅಷ್ಟೇ ಬೇಕಾಗಿರುವುದು.

ಫಾರಂ ತುಂಬುವ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಗಲಿಯ ಮೇಲೆ ಸೊಸೆ, ಎದುರಿಗೆ ಅತ್ತೆ, ಬಾಗಿಲಲ್ಲಿ ಪಕ್ಕದ ಮನೆಯಾಕೆ. ಆಶಾ ಅದೇ ಬೀದಿಯವಳು. ಮನಸ್ಸು ಕುಗ್ಗಿದೆಯಾ ಎಂದರೆ ಸೊಸೆ ಅತ್ತೆಯ ಮುಖ ನೋಡಿ "ಇಲ್ಲ ಕನಕ್ಕ, ಚೆನ್ನಾಗಿವಿ" ಎನ್ನುತ್ತಾಳೆ. ಸೊನ್ನೆ, ಸೊನ್ನೆ. ಫಾರಂ ಮುಗಿಯಿತು. ಪ್ರಶ್ನೆ ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಅದೇ ಪ್ರಶ್ನೆಯನ್ನು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಬಾಗಿಲು ಸರಿಸಿ, ಬಿ.ಪಿ. ಪಟ್ಟಿ ಕಟ್ಟುತ್ತಾ ಕೇಳಿದರೆ? ಅಚ್ಚಿನ ಕನ್ನಡ ಬಿಟ್ಟು "ಟಿವಿ ನೋಡಕಾದ್ರೂ ಮನ್ಸ್ ಬತ್ತದಾ? ತವರಿಗ ಹೋಗಿ ಎಷ್ಟ್ ದಿನ ಆಯ್ತು? ಬೆಳಗಿನ ಜಾವ ಎಚ್ಚರಾಯ್ತದಾ?" ಎಂದರೆ? ನೋವಿನ ಮಾತ್ರೆಗೆಂದು ತಿಂಗಳಲ್ಲಿ ಮೂರನೇ ಸಲ ಬಂದವರನ್ನಾದರೂ ಹೀಗೆ ಕೇಳಬಹುದು. ಇದಕ್ಕೆ ಹೊಸ ಕಟ್ಟಡ ಬೇಡ. ಕೇಳುವವರಿಗೆ ಪುರಸೊತ್ತು ಬೇಕು, ಅವರ ದುಡಿಮೆಗೆ ಬೆಲೆ ಬೇಕು. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಆಶಾಗಳ ತಲೆಗೆ ಇನ್ನೊಂದು ಹೊರೆ ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಕೇಳಿದ ಮೇಲೆ ಕಳಿಸಲು ಜಾಗ ಬೇಕಲ್ಲ. ಸ್ವಲ್ಪಮಟ್ಟಿಗೆ ಇದೆ. ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಯೋಚನೆ ಬರುತ್ತಿರುವವರು ಮಂಗಳವಾರಕ್ಕೆ ಕಾಯಬೇಕಾಗಿಲ್ಲ. ಆದರೆ ಗುಂಡ್ಲುಪೇಟೆಯ ಕೂಲಿಯಾಳಿಗೆ ಮಂಗಳವಾರವೂ ಕೂಲಿಯ ದಿನವೇ. ಒಂದು ದಿನದ ದುಡಿಮೆ ಬಿಟ್ಟು ಬಂದವನಿಗೆ ಮಾತ್ರೆ ಖಾಲಿಯಾಗಿದೆ, ಮುಂದಿನ ವಾರ ಬಾ ಎಂದರೆ ಅವನು ಬರುವುದಿಲ್ಲ; ಹೊರಗೆ ಕೊಂಡುಕೊಳ್ಳುವುದೂ ಇಲ್ಲ. ಮನೋವೈದ್ಯರು ಒಮ್ಮೆ ಬರೆದುಕೊಟ್ಟದ್ದನ್ನು ಅವನ ಊರಿನ ಆರೋಗ್ಯ ಕೇಂದ್ರದಲ್ಲೇ ತಿಂಗಳು ತಿಂಗಳು ಕೊಡುವಂತಾಗಬೇಕು, ಬಿ.ಪಿ. ಮಾತ್ರೆ ಕೊಟ್ಟ ಹಾಗೆ. ಜಿಲ್ಲೆಯ ವರದಿಯಲ್ಲಿ ಈಗ ಜಾಥಾ ಎಷ್ಟು, ಅರಿವು ಶಿಬಿರ ಎಷ್ಟು ಎಂಬ ಅಂಕಣಗಳಿವೆ. ಅವುಗಳ ಪಕ್ಕದಲ್ಲಿ ಇನ್ನೆರಡು ಅಂಕಣ ಹಾಕಿ: ಎರಡನೇ ತಿಂಗಳ ಮಾತ್ರೆಗೆ ಎಷ್ಟು ಜನ ವಾಪಸ್ ಬಂದರು, ಬಾರದವರ ಮನೆಗೆ ಯಾರು ಹೋದರು.